ಮಧ್ಯಸ್ಥನೂ ಅವನ ಹಂಗೂ

ಇಬ್ಬರ ವಿವಾದವನ್ನು ಮೂರನೆಯವನೊಬ್ಬನು ತೀರ್ಮಾನಿಸುವಾಗ ಅವನನ್ನು ಮಧ್ಯಸ್ಥನೆನ್ನುವುದು ರೂಢಿ. ನಡುವೆ ನಿಂತವನೆಂಬುದು ಪದದ ಅರ್ಥ. ಎರಡು ದಡಗಳ ಸಂಬಂಧವೂ ಇಲ್ಲದೆ ದೂರದ ಗುಡ್ಡದ ಮೇಲೆ ನಿಂತವನನ್ನು ನಡುವೆ ನಿಂತವನೆಂದು ಯಾರೂ ಹೇಳುವುದಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಸಮಬುದ್ಧಿಯುಳ್ಳವನನ್ನು ವರ್ಣಿಸುವಲ್ಲಿ ಉದಾಸೀನನನ್ನೂ ಮಧ್ಯಸ್ಥನನ್ನೂ ಬೇರೆ ಬೇರೆಯಾಗಿಯೇ ಎಣಿಸಿದೆ. ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನನೆಂದೂ, ತಮ್ಮತಮ್ಮಲ್ಲಿ ವಿರೋಧವುಳ್ಳ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥನೆಂದೂ ಶಂಕರಭಾಷ್ಯವು ಅಲ್ಲಿ ಬಿಡಿಸಿ ಹೇಳುತ್ತದೆ. ಈ ಭೇದವು ಅಲ್ಪವಾದುದಲ್ಲ. ಉದಾಸೀನನಿಗೆ ಯಾರು ಗೆದ್ದರೂ ಒಂದೇ. ಮಧ್ಯಸ್ಥನಿಗಾದರೋ ಸೋಲತಕ್ಕವನ ಹಿತದ ಹೊಣೆಯೂ ಉಂಟು. ಗೆದ್ದವನು ತೀರ್ಪನ್ನು ಪರೀಕ್ಷಿಸಲು ಹೋಗುವುದಿಲ್ಲ. ಸೋತವನು ಮಾತ್ರ ಮನೆಗೆ ಹೋಗಿ, ದೀಪವಾರಿಸಿದ ಮೇಲೆಯೂ, ತನ್ನನ್ನು ಸೋಲಿಸಿದುದು ತನ್ನ ಕೆಲಸದ ಕೊರತೆಯೋ ತೀರ್ಪುಗಾರನ ಹಂಗೋ ಎಂದು ಯೋಚಿಸುತ್ತ ಮಲಗುವನು. ಅವನ ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನೇ ನಿಜವಾದ ಮಧ್ಯಸ್ಥನು.

ಹಂಗು ಎಂಬುದು ಕನ್ನಡಕ್ಕೆ ಬಹು ಹತ್ತಿರದ ಮಾತು. ಸಂಸ್ಕೃತದಲ್ಲಿ ಇದಕ್ಕೆ ಸರಿದೊರೆಯಾದ ಒಂದೇ ಪದವನ್ನು ಹುಡುಕುವುದು ಕಷ್ಟ. ಸ್ವಾರ್ಥವೆಂದರೆ ಹೆಚ್ಚಾಯಿತು, ಋಣವೆಂದರೆ ಸಾಲದು. ಋಣವನ್ನು ತೀರಿಸಬಹುದು, ಹಂಗು ತೀರಿಸಿದ ಮೇಲೆಯೂ ಉಳಿಯುವುದು. ಮೇಲಾಗಿ, ಸ್ವಾರ್ಥಿಯು ತನ್ನ ಲಾಭಕ್ಕಾಗಿ ನಡೆಯುತ್ತಿರುವೆನೆಂಬುದನ್ನು ತಾನೇ ಬಲ್ಲನು. ಹಂಗಿನಲ್ಲಿರುವವನಾದರೋ ತಾನು ನ್ಯಾಯವನ್ನೇ ಹೇಳುತ್ತಿರುವೆನೆಂದು ಮನಃಪೂರ್ವಕವಾಗಿ ನಂಬಿರುವನು. ಕಳ್ಳನನ್ನು ಹಿಡಿಯುವುದು ಸುಲಭ. ತಾನು ಕದ್ದಿಲ್ಲವೆಂದು ನಿಜವಾಗಿ ನಂಬಿರುವವನನ್ನು ಹಿಡಿಯುವುದು ಹೇಗೆ?

ಈ ಪ್ರಶ್ನೆಯು ಎಲ್ಲ ಕಡೆಯೂ ಉಂಟಾದರೂ, ಒಂದೇ ವಿದ್ಯೆಯಿಂದ ಬದುಕುವ ಜನರ ನಡುವೆ ಅದು ಬಹಳ ಬಿಗಿಯಾಗುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅದು ಶಿಲ್ಪಿಗಳ ಊರು. ಅಲ್ಲಿ ಕಡೆದ ಕಲ್ಲಿನ ವಿಗ್ರಹಗಳೂ ಎರಕ ಹೊಯ್ದ ಲೋಹದ ವಿಗ್ರಹಗಳೂ ನಾಡಿನ ಒಳಗೂ ಹೊರಗೂ ದೇವಾಲಯಗಳಿಗೆ ಹೋಗುತ್ತವೆ. ವಿದ್ಯೆಯು ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ, ಗುರುವಿನಿಂದ ಶಿಷ್ಯನಿಗೆ ಬರುವಂಥದು. ಆದುದರಿಂದ ಒಬ್ಬನ ಕೆಲಸವನ್ನು ತೂಗಿ ನೋಡಬಲ್ಲ ಇನ್ನೊಬ್ಬನು ಪ್ರಾಯಶಃ ಅವನ ನಂಟನಾಗಿರುತ್ತಾನೆ, ಇಲ್ಲವೆ ಅದೇ ಬೀದಿಯಲ್ಲಿ ಅದೇ ವ್ಯಾಪಾರ ಮಾಡುವ ಪ್ರತಿಸ್ಪರ್ಧಿಯಾಗಿರುತ್ತಾನೆ.

ಯಾವುದೋ ಒಂದು ಹಳ್ಳಿಯ ದೇವಾಲಯದ ಸಮಿತಿಯವರು ಇಂಥ ಊರಿನ ಒಬ್ಬ ಶಿಲ್ಪಿಗೆ ಮುಂಗಡ ಕೊಟ್ಟು ಮೂರ್ತಿಯೊಂದನ್ನು ಮಾಡಿಸಿದರೆಂದಿಟ್ಟುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಬಂದು ನೋಡಿ, ಕಲ್ಲಿನಲ್ಲಿ ಗೆರೆಯಿದೆಯೆಂದೋ, ಮುಖದಲ್ಲಿ ಪ್ರಸನ್ನತೆಯಿಲ್ಲವೆಂದೋ ಹೇಳಿ ಉಳಿದ ಹಣವನ್ನು ಕೊಡಲು ನಿರಾಕರಿಸಿದರು. ಶಿಲ್ಪಿಯ ತಿಂಗಳುಗಟ್ಟಲೆಯ ದುಡಿಮೆ ಆ ಕಲ್ಲಿನಲ್ಲಿದೆ. ಒಬ್ಬರು ಬೇಡವೆಂದು ಬಿಟ್ಟುಹೋದ ಮೂರ್ತಿಯನ್ನು ಇನ್ನೊಬ್ಬರು ಸುಲಭವಾಗಿ ಮುಟ್ಟರು. ಅತ್ತ ಹಳ್ಳಿಯವರೋ ಮನೆಮನೆಯಿಂದ ಚಂದಾ ಎತ್ತಿದವರು. ದೋಷವುಳ್ಳ ಮೂರ್ತಿಯನ್ನು ಪ್ರತಿಷ್ಠಿಸಿದರೆಂಬ ಮಾತು ಬಂದರೆ, ಆಮೇಲೆ ಊರಿನಲ್ಲಿ ನಡೆದ ಪ್ರತಿಯೊಂದು ಸಾವುನೋವನ್ನೂ ಅದರ ತಲೆಗೇ ಕಟ್ಟುವರು. ಹೀಗಿರುವಲ್ಲಿ ಉಭಯರೂ ಒಬ್ಬ ಹಿರಿಯ ಶಿಲ್ಪಿಯ ಬಳಿಗೆ ಹೋಗುತ್ತಾರೆ. ಆತನು ಬಲ್ಲವನು, ಪ್ರಾಮಾಣಿಕನು. ಆದರೆ ಕೆಲಸ ಮಾಡಿದವನು ಆತನ ಸೋದರಳಿಯನಾಗಿದ್ದರೆ? ಅಥವಾ, ಈ ಮೂರ್ತಿ ತಿರಸ್ಕೃತವಾದರೆ ಮುಂದಿನ ಕೆಲಸವು ಆತನ ಮಗನ ಕಾರ್ಖಾನೆಗೇ ಬರುವಂತಿದ್ದರೆ?

ಕಲ್ಲಿನ ಗುಣವನ್ನು ಅರಿಯದ ನ್ಯಾಯಾಧಿಪತಿಯನ್ನು ತಂದು ಕೂರಿಸಿದರೆ ಅವನಿಗೆ ಹಂಗೇನೋ ಇಲ್ಲ, ಕಣ್ಣೂ ಇಲ್ಲ. ಬಲ್ಲವನಿಗೆ ಹಂಗು, ಹಂಗಿಲ್ಲದವನಿಗೆ ಅಜ್ಞಾನ. ತೊಡಕಿರುವುದು ಇಲ್ಲಿಯೇ.

ಧರ್ಮಶಾಸ್ತ್ರಕಾರರು ಈ ತೊಡಕನ್ನು ಕಾಣದೆ ಇರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವಿವಾದಗಳನ್ನು ತೀರ್ಮಾನಿಸತಕ್ಕವರ ಒಂದು ಮೆಟ್ಟಿಲುಸಾಲನ್ನು ಹೇಳಿದೆ: ಕೆಳಗಿನಿಂದ ಮೇಲಕ್ಕೆ ಕುಲ, ಶ್ರೇಣಿ, ಪೂಗ, ಅದರ ಮೇಲೆ ರಾಜನು ನೇಮಿಸಿದವರು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಒಂದೇ ಬಗೆಯ ಕಸುಬಿನಿಂದ ಜೀವಿಸುವವರ ಕೂಟವೇ ಶ್ರೇಣಿಯೆಂದು ವಿವರಿಸಿ, ವೀಳೆಯದೆಲೆ ಮಾರುವವರು, ನೇಯುವವರು, ತೊಗಲಿನ ಕೆಲಸದವರು ಮುಂತಾದವರನ್ನು ಉದಾಹರಿಸುತ್ತಾನೆ. ಪೂಗವೆಂದರೆ ಒಂದೇ ಊರಿನಲ್ಲಿ ವಾಸಿಸುವ ಬೇರೆ ಬೇರೆ ಕಸುಬಿನವರ ಸಮೂಹ. ಕುಲದವರ ತೀರ್ಪಿನಲ್ಲಿ ತೃಪ್ತಿಯಿಲ್ಲದವನು ಶ್ರೇಣಿಗೂ, ಶ್ರೇಣಿಯ ತೀರ್ಪಿನಲ್ಲಿ ತೃಪ್ತಿಯಿಲ್ಲದವನು ಪೂಗಕ್ಕೂ ಹೋಗಬಹುದು. ಮೇಲಿನಿಂದ ಕೆಳಕ್ಕೆ ಬರುವಂತಿಲ್ಲ. ಈ ಕ್ರಮದ ಮರ್ಮವನ್ನು ಗಮನಿಸಬೇಕು. ಮೆಟ್ಟಿಲು ಏರಿದಂತೆಲ್ಲ ತೀರ್ಪುಗಾರರಿಗೆ ಕಸುಬಿನ ಸೂಕ್ಷ್ಮಗಳ ಅರಿವು ಕಡಮೆಯಾಗುತ್ತದೆ. ನಂಟೂ ಪೈಪೋಟಿಯೂ ಕಡಮೆಯಾಗುತ್ತವೆ. ಮೊದಲು ಬಲ್ಲವರು ನೋಡಲಿ, ಆಮೇಲೆ ಹಂಗಿಲ್ಲದವರು ನೋಡಲಿ ಎಂಬ ಅಭಿಪ್ರಾಯವೆಂದು ತೋರುತ್ತದೆ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ತಪ್ಪು ಹೇಳಿದ ಸಭಿಕರಿಗೆ ಒಬ್ಬೊಬ್ಬರಿಗೂ ವಿವಾದದಲ್ಲಿ ಸೋತವನು ತೆರಬೇಕಾದ ದಂಡದ ಎರಡರಷ್ಟನ್ನು ಅದೇ ಸ್ಮೃತಿಯು ವಿಧಿಸುತ್ತದೆ. ಲೋಭದ ಮಾತಿರಲಿ, ರಾಗವನ್ನು ಮೊದಲು ಹೇಳಿರುವುದನ್ನು ಮರೆಯಬಾರದು. ಪ್ರೀತಿಯಿಂದ ಕೆಟ್ಟ ತೀರ್ಪುಗಳು ಹಣದಿಂದ ಕೆಟ್ಟವುಗಳಿಗಿಂತ ಕಡಮೆಯೇನಲ್ಲ.

ಹಂಗು ತೀರ್ಪಿನ ಮಾತಿನಲ್ಲಿಯೇ ಅಡಗಿರಬೇಕೆಂಬ ನಿಯಮವೂ ಇಲ್ಲ. ಅದು ಹೆಚ್ಚಾಗಿ ಅಡಗುವುದು ಪರೀಕ್ಷೆಯ ವಿಧಾನದಲ್ಲಿ. ಇದನ್ನು ಕಾಳಿದಾಸನಷ್ಟು ಚೆನ್ನಾಗಿ ಕಂಡವರು ವಿರಳ. ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ಯಾರು ಹೆಚ್ಚೆಂದು ಜಗಳವಾಡುತ್ತ ಅರಸನ ಮುಂದೆ ಬರುವರು. ಜಗಳವನ್ನು ಹೂಡಿದವನು ವಿದೂಷಕ. ರಾಣಿಯು ಅರಸನ ಕಣ್ಣಿಗೆ ಬೀಳದಂತೆ ಕಾಪಾಡುತ್ತಿದ್ದ ಮಾಲವಿಕೆಯು ಗಣದಾಸನ ಶಿಷ್ಯೆ. ಅವಳನ್ನು ರಂಗಕ್ಕೆ ತರಿಸುವುದೇ ಈ ಹೂಟದ ಗುರಿ. ಗಣದಾಸನು ರಾಣಿಯ ಕಡೆಯವನು, ಹರದತ್ತನು ಅರಸನ ಕಡೆಯವನು. ಆದುದರಿಂದ ಇಬ್ಬರಿಗೂ ಒಪ್ಪಿಗೆಯಾದ ಮಧ್ಯಸ್ಥಳು ಬೇಕು. ಕಾವಿಯುಟ್ಟ ಪರಿವ್ರಾಜಿಕೆ, ಪಂಡಿತೆಯೆಂದು ಹೆಸರಾದ ಕೌಶಿಕಿಗಿಂತ ತಕ್ಕವರು ಇನ್ನಾರು? ಸಂನ್ಯಾಸಿನಿಗೆ ಹಂಗೆಲ್ಲಿಯದು?

ಐದನೆಯ ಅಂಕದವರೆಗೆ ಯಾರಿಗೂ ತಿಳಿಯದ ಸಂಗತಿಯೆಂದರೆ, ಆಕೆಯು ವಿದರ್ಭದ ಮಾಧವಸೇನನ ಮಂತ್ರಿಯಾಗಿದ್ದ ಸುಮತಿಯ ತಂಗಿ, ಮಾಲವಿಕೆಯು ಅದೇ ಮಾಧವಸೇನನ ತಂಗಿ, ಮತ್ತು ಆ ಕನ್ಯೆಯನ್ನು ಅಗ್ನಿಮಿತ್ರನಿಗೆ ಒಪ್ಪಿಸಲೆಂದೇ ಅವರೆಲ್ಲ ಹೊರಟಿದ್ದರು. ಅಂದಮೇಲೆ ಆ ಸಭೆಯಲ್ಲಿದ್ದವರ ಪೈಕಿ ಹಂಗು ಅತ್ಯಂತ ಗಾಢವಾಗಿದ್ದುದು ಮಧ್ಯಸ್ಥಳಿಗೇ. ಆಕೆಯು ಮಾಡಿದುದೇನು? ಸುಳ್ಳು ತೀರ್ಪನ್ನು ಕೊಡಲಿಲ್ಲ. ಗುರುಗಳ ಹೆಚ್ಚುಕಡಮೆಯನ್ನು ಶಿಷ್ಯರ ಪ್ರಯೋಗದಿಂದ ಅಳೆಯಬೇಕೆಂದಳು. ಅಂಗಾಂಗಗಳ ಸೌಷ್ಠವವು ಕಾಣುವಂತೆ ಪಾತ್ರಗಳು ಹೆಚ್ಚು ವೇಷಭೂಷಣವಿಲ್ಲದೆ ಬರಬೇಕೆಂದಳು. ಎರಡೂ ಶಾಸ್ತ್ರಸಮ್ಮತವೆಂದೇ ತೋರುವ ನಿಯಮಗಳು. ಎರಡೂ ಅರಸನ ಆಸೆಗೆ ಹೊಂದಿದವು. ಎರಡನೆಯ ಅಂಕದಲ್ಲಿ ಮಾಲವಿಕೆಯ ಪ್ರಯೋಗವಾಗುತ್ತಲೆ ಮಧ್ಯಾಹ್ನದ ಹೊತ್ತಾಯಿತೆಂದು ಹರದತ್ತನ ಸರದಿಯನ್ನು ಮುಂದಕ್ಕೆ ಹಾಕುತ್ತಾರೆ. ಅದನ್ನು ಪ್ರೇಕ್ಷಕರು ನೋಡುವುದೇ ಇಲ್ಲ. ಮೂರನೆಯ ಅಂಕದ ಆರಂಭದಲ್ಲಿ ಸೇವಕಿಯರು, ಶಿಷ್ಯೆಯ ಗುಣದಿಂದ ಗಣದಾಸನೇ ಮೇಲಾದನೆಂದು ಮಾತಾಡಿಕೊಳ್ಳುವರು, ಅಷ್ಟೆ. ಪಾಠಶಾಲೆಗಳಲ್ಲಿ ಈ ನಾಟಕವನ್ನು ಓದಿಸುವಾಗ ಮಾಲವಿಕೆಯ ನರ್ತನದ ವರ್ಣನೆಗೆ ಎಷ್ಟೋ ಹೊತ್ತು ಸಲ್ಲುತ್ತದೆ. ಪಾಪ, ಹರದತ್ತನನ್ನು ಯಾರೂ ಕೇಳುವುದಿಲ್ಲ. ಮಾಲವಿಕೆಯ ಪ್ರತಿಭೆಯಲ್ಲಿ ಕವಿಯು ಸಂದೇಹಕ್ಕೆ ಎಡೆಯಿಟ್ಟಿಲ್ಲ. ತೀರ್ಪು ಸರಿಯೇ ಇದ್ದಿರಬಹುದು. ಆದರೆ ಪರಿವ್ರಾಜಿಕೆಯ ಗುಟ್ಟು ಬಯಲಾದ ದಿನ ಹರದತ್ತನ ಮನಸ್ಸಿನಲ್ಲಿ ಏನಾಗಿರಬೇಕು?

ಇದಕ್ಕೆ ಎದುರಾಗಿ ಇನ್ನೊಬ್ಬ ಮಧ್ಯಸ್ಥಳ ಕಥೆಯಿದೆ. ಶೃಂಗೇರಿಯ ಸಂಪ್ರದಾಯವನ್ನು ಬಲ್ಲವರಿಗೆಲ್ಲ ತಿಳಿದದ್ದು. ಮಾಧವೀಯ ಶಂಕರವಿಜಯದಲ್ಲಿ ಶಂಕರರಿಗೂ ಮಂಡನಮಿಶ್ರನಿಗೂ ವಾದ ನಡೆದಾಗ ಮಧ್ಯಸ್ಥಳಾದವಳು ಮಂಡನನ ಹೆಂಡತಿಯಾದ ಉಭಯಭಾರತಿ. ಪಣವು ಸಾಮಾನ್ಯವಾದುದಲ್ಲ: ಗಂಡನು ಸೋತರೆ ಸಂನ್ಯಾಸ ವಹಿಸಿ ಮನೆಬಿಟ್ಟು ಹೋಗಬೇಕು. ಇದಕ್ಕಿಂತ ಎದ್ದುಕಾಣುವ ಹಂಗು ಲೋಕದಲ್ಲಿ ಇರಲಾರದು. ಆದರೆ ಅದು ಎಲ್ಲರಿಗೂ ಕಾಣುವಂತೆ ಇದ್ದಿತು. ಬಲ್ಲ ಇಬ್ಬರೂ ಬಲ್ಲು ಒಪ್ಪಿದರು. ಆಕೆಯಾದರೂ ಇಬ್ಬರ ಕೊರಳಿಗೂ ಹೂಮಾಲೆಯನ್ನು ಹಾಕಿ, ಯಾರ ಮಾಲೆ ಬಾಡುವುದೋ ಅವರು ಸೋತರೆಂದು ಹೇಳಿ ಮನೆಗೆಲಸಕ್ಕೆ ಹೊರಟುಹೋದಳು. ತನ್ನ ನಾಲಗೆಯ ಮೇಲಿದ್ದ ತೀರ್ಪನ್ನು ಸಭೆಯ ಕಣ್ಣಿಗೆ ಒಪ್ಪಿಸಿದಳು. ಬಾಡಿದುದು ಗಂಡನ ಮಾಲೆ. ಹಾಗೆಂದು ಆಕೆಯೇ ಒಪ್ಪಿದಳು. ಆಮೇಲೆ, ತಾನು ಗಂಡನ ಅರ್ಧಾಂಗಿಯಾದುದರಿಂದ ತನ್ನನ್ನೂ ಜಯಿಸದೆ ಜಯವು ಪೂರ್ಣವಾಗದೆಂದು ತಾನೇ ವಾದಕ್ಕೆ ಕುಳಿತಳು. ಮಧ್ಯಸ್ಥಳಾಗಿದ್ದಷ್ಟು ಹೊತ್ತು ಪಕ್ಷವಹಿಸಲಿಲ್ಲ. ಪಕ್ಷವಹಿಸಿದ ಮೇಲೆ ಮಧ್ಯಸ್ಥಳೆನ್ನಿಸಿಕೊಳ್ಳಲಿಲ್ಲ. ಎರಡು ಪೀಠಗಳ ಮೇಲೂ ಒಂದೊಂದು ಕಾಲನ್ನಿಟ್ಟು ನಿಲ್ಲುವವರಿಗೂ ಆಕೆಗೂ ಇರುವ ಅಂತರವು ಇಷ್ಟೆ, ಆದರೆ ಬಹಳ.

ಶಿಲ್ಪಿಗಳ ಊರಿಗೆ ಮರಳಿದರೆ, ಹೂಮಾಲೆಯ ಸ್ಥಾನದಲ್ಲಿ ಗಂಧದ ಲೇಪವನ್ನು ಕಾಣಬಹುದು. ಜಕಣಾಚಾರಿಯ ಕಥೆಯನ್ನು ಕೇಳದ ಕನ್ನಡಿಗರ ಮನೆಯಿಲ್ಲ. ಬೇಲೂರಿನ ಮೂರ್ತಿಯಲ್ಲಿ ದೋಷವಿದೆಯೆಂದು ಗುರುತಿಲ್ಲದ ಹುಡುಗನೊಬ್ಬನು ಹೇಳಿದನು. ಜಕಣನು ಕೆರಳಿ, ದೋಷವನ್ನು ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದನು. ಇಡೀ ವಿಗ್ರಹಕ್ಕೆ ಗಂಧವನ್ನು ಬಳಿದಾಗ ಮಿಕ್ಕೆಲ್ಲ ಕಡೆಯೂ ಒಣಗಿ ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಒಡೆದು ನೋಡಲು ನೀರೂ ಕಪ್ಪೆಯೂ ಹೊರಬಂದವು. ಹುಡುಗನು ಜಕಣನ ಮಗನೇ ಎಂಬುದು ತಿಳಿದದ್ದು ಆಮೇಲೆ. ಜಕಣಾಚಾರಿಯ ಹೆಸರು ಹೊಯ್ಸಳರ ಶಾಸನಗಳಲ್ಲಿ ಕಾಣುವುದಿಲ್ಲವೆಂದು ಚರಿತ್ರಕಾರರು ಹೇಳುವರು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ದಾಸೋಜ, ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಕೆತ್ತಿವೆ, ಎದುರಾಳಿ ಶಿಲ್ಪಿಗಳನ್ನು ಅಡಗಿಸುವಂಥ ಬಿರುದುಗಳೊಡನೆ. ಅದಂತಿರಲಿ. ಕಥೆಯಲ್ಲಿ ಗಮನಿಸತಕ್ಕದ್ದು ಕಪ್ಪೆಯಲ್ಲ. ಅಲ್ಲಿ ನ್ಯಾಯಾಧೀಶನೇ ಇಲ್ಲ. ಇದ್ದುದು ಕಲ್ಲು, ಗಂಧ, ಸುತ್ತ ನಿಂತ ಜನ. ಸೋತವನು ಯಾರ ಹಂಗನ್ನೂ ಶಂಕಿಸುವಂತಿರಲಿಲ್ಲ. ಸೋಲನ್ನು ತನ್ನ ಕಣ್ಣಿನಿಂದಲೇ ಕಂಡನು. ಲೇಪವನ್ನು ಹಚ್ಚಿ ಕಲ್ಲಿನ ಗರ್ಭದೋಷವನ್ನು ಅರಿಯುವ ಕ್ರಮವನ್ನು ಶಿಲ್ಪಗ್ರಂಥಗಳೂ ಹೇಳುತ್ತವೆ. ಬಡಿದರೆ ಬರುವ ನಾದದಿಂದ ಶಿಲೆಯ ಜಾತಿಯನ್ನು ತಿಳಿಯುವುದು, ತಾಳಮಾನದಿಂದ ಅಂಗಗಳನ್ನು ಅಳೆಯುವುದು, ಉತ್ತಮ ದಶತಾಳದ ಮೂರ್ತಿಗೆ ೧೨೪ ಅಂಗುಲಗಳೆಂದು ಎಣಿಸುವುದು, ಇವೆಲ್ಲ ಮಧ್ಯಸ್ಥನ ನಾಲಗೆಯನ್ನು ದಾರಕ್ಕೂ ಕೋಲಿಗೂ ಕಟ್ಟುವ ಉಪಾಯಗಳು.

ಆದರೆ ದಾರ ಎಲ್ಲವನ್ನೂ ಅಳೆಯಲಾರದು. ಮುಖದ ಪ್ರಸನ್ನತೆಗೆ ಅಂಗುಲವಿಲ್ಲ. ಅಳತೆ ಮುಗಿದಲ್ಲಿ ಬಲ್ಲವನ ಮಾತು ಆರಂಭವಾಗುವುದು; ಹಂಗೂ ಅಲ್ಲಿಂದಲೇ ಆರಂಭವಾಗುವುದು.

ಇಲ್ಲಿ ಒಂದು ಪೂರ್ವಪಕ್ಷ ಬರಬಹುದು. ಮನುಷ್ಯನು ಪ್ರಾಮಾಣಿಕನಾಗಿದ್ದರೆ ಹಂಗಿದ್ದರೇನು? ನಂಟನ ತಪ್ಪನ್ನು ನಂಟನಿಗಿಂತ ಕಠಿನವಾಗಿ ಹೇಳುವ ಸತ್ಯವಂತರಿಲ್ಲವೇ? ಉಂಟು. ಆದರೆ ಪ್ರಶ್ನೆ ಅವರ ಸತ್ಯವನ್ನು ಕುರಿತದ್ದಲ್ಲ. ಇಂಗ್ಲೆಂಡಿನಲ್ಲಿ ಕಾಲುವೆ ಕಂಪನಿಯೊಂದರ ವ್ಯಾಜ್ಯವನ್ನು ತೀರ್ಮಾನಿಸಿದ ಲಾರ್ಡ್ ಛಾನ್ಸಲರ್ ಕಾಟನ್ಹ್ಯಾಮರು ಅದೇ ಕಂಪನಿಯ ಷೇರುಗಳನ್ನು ಹೊಂದಿದ್ದರು. ೧೮೫೨ರಲ್ಲಿ ಪ್ರಭುಸಭೆಯು, ಅವರ ಮನಸ್ಸು ಅದರಿಂದ ಕಿಂಚಿತ್ತಾದರೂ ಕದಲಿರಬಹುದೆಂದು ಯಾರೂ ಎಣಿಸಲಾರರೆಂದು ಹೇಳಿಯೂ ಅವರ ಆಜ್ಞೆಯನ್ನು ರದ್ದು ಮಾಡಿತು. ಕೌತುಕವೇನೆಂದರೆ, ಆ ವ್ಯಾಜ್ಯದಲ್ಲಿ ಕೆಳಗಿನ ನ್ಯಾಯಾಧೀಶನು ಮೊದಲು ಕೊಟ್ಟಿದ್ದ ತೀರ್ಪನ್ನು ಅದೇ ಸಭೆಯು ಎತ್ತಿಹಿಡಿಯಿತು. ಅಂದರೆ ಛಾನ್ಸಲರರು ಹೇಳಿದ್ದು ಸರಿ, ಅವರು ಹೇಳಬಾರದಾಗಿತ್ತು.

ಇದಕ್ಕಿಂತಲೂ ನವುರಾದ ಒಂದು ಪ್ರಸಂಗವನ್ನು ಕನ್ನಡಿಗರೊಬ್ಬರು ಬಿಡಿಸಿದರು. ಭಾರತ ಅರಣ್ಯಸೇವೆಯನ್ನು ಹೊಸದಾಗಿ ಏರ್ಪಡಿಸಿದಾಗ ಜಮ್ಮು ಕಾಶ್ಮೀರದ ಅಧಿಕಾರಿಗಳಿಂದ ತಕ್ಕವರನ್ನು ಆರಿಸಲು ಒಂದು ಮಂಡಲಿಯು ನೇಮಕವಾಯಿತು. ಅದರಲ್ಲಿ ಕುಳಿತ ಅರಣ್ಯಾಧಿಕಾರಿಯೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ಅವರ ಹೆಸರು ಚರ್ಚೆಗೆ ಬಂದಾಗ ಹೊರಗೆ ಹೋದರು. ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗಿದ್ದರು. ಪಟ್ಟಿ ಹೊರಬಂದಾಗ ಮೊದಲನೆಯ ಹೆಸರು ಅವರದೇ. ಮಂಡಲಿಯ ಉಳಿದವರು, ಅವರು ತಮ್ಮ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲವೆಂದು ಪ್ರಮಾಣಮಾಡಿ ಹೇಳಿದರು. ಕ್ರೈಪಾಕ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ, ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ೧೯೬೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದು ಆ ಆಯ್ಕೆಯನ್ನು ತಳ್ಳಿಹಾಕಿದರು. ಮನುಷ್ಯನ ಅಂತರಂಗವನ್ನು ಸಾಬೀತುಪಡಿಸುವುದು ಕಷ್ಟ, ಕೂಡಿ ಆಲೋಚಿಸುವವರು ಒಬ್ಬರಿಂದೊಬ್ಬರು ತಿಳಿಯದಂತೆಯೇ ಪ್ರಭಾವಿತರಾಗುವರು, ಪಕ್ಷಪಾತವು ಸೂಕ್ಷ್ಮವಾಗಿ ಕೆಲಸಮಾಡುವುದು ಎಂಬುದೇ ಅಲ್ಲಿಯ ತಾತ್ಪರ್ಯ.

ಅರ್ಧ ಹೊರಗೆ ಹೋಗುವುದರ ಈ ಪೊಳ್ಳುತನವು ಶಿವಾರಪಟ್ಟಣದಂಥ ಊರಿಗೆ ನೇರವಾಗಿ ಅನ್ವಯಿಸುತ್ತದೆ. ಸೋದರಳಿಯನ ಮೂರ್ತಿಯ ಪರೀಕ್ಷೆಗೆ ಬರಲಾರೆನೆಂದ ಹಿರಿಯನು ಪಕ್ಕದ ಮನೆಯವನ ಮೂರ್ತಿಯ ಪರೀಕ್ಷೆಗೆ ಬಂದು ಕುಳಿತರೆ ಲೋಕವು ಅವನನ್ನು ಸಜ್ಜನನೆಂದೇ ಹೊಗಳುವುದು. ಆದರೆ ಪಕ್ಕದ ಮನೆಯವನು ಬಿದ್ದರೆ ಏಳುವವನು ಸೋದರಳಿಯನೇ. ತಕ್ಕಡಿಯ ಒಂದು ತಟ್ಟೆಯನ್ನು ಮುಟ್ಟೆನೆಂದು ಇನ್ನೊಂದನ್ನು ಮೇಲಕ್ಕೆತ್ತಿದರೆ ಆದದ್ದೇನು?

ಹಾಗಾದರೆ ಹಂಗುಳ್ಳವರೆಲ್ಲ ಎದ್ದುಹೋದರೆ ಕುಳಿತುಕೊಳ್ಳುವವರಾರು? ಇದು ಹುರುಳುಳ್ಳ ಆಕ್ಷೇಪ. ಇದಕ್ಕೆ ಒಂದು ಸಮಾಧಾನವನ್ನು ಕಾವೇರಿಯ ವಿವಾದದಲ್ಲಿ ಕಾಣಬಹುದು. ೧೮೯೨ರ ಒಡಂಬಡಿಕೆಯ ಮೇರೆಗೆ ಕಣ್ಣಂಬಾಡಿಯ ಅಣೆಕಟ್ಟಿನ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ ಭಿನ್ನಾಭಿಪ್ರಾಯ ಬಂದಾಗ ಮಧ್ಯಸ್ಥರಾಗಿ ಬಂದವರು ಅಲಹಾಬಾದಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಗ್ರಿಫಿನ್. ನದಿ ನೀರಿನ ಲೆಕ್ಕವು ನ್ಯಾಯಮೂರ್ತಿಗಳ ವಿದ್ಯೆಯಲ್ಲ; ಆದುದರಿಂದ ನೀರಾವರಿಯ ಇನ್‌ಸ್ಪೆಕ್ಟರ್ ಜನರಲ್ ನೆದರ್‌ಸೋಲರನ್ನು ಅಸೆಸರಾಗಿ ಪಕ್ಕದಲ್ಲಿ ಕೂರಿಸಿದರು. ಬಲ್ಲವನು ತಿಳಿಯಪಡಿಸಲಿ, ಹಂಗಿಲ್ಲದವನು ತೀರ್ಮಾನಿಸಲಿ ಎಂಬ ಏರ್ಪಾಡು. ೧೯೧೪ರಲ್ಲಿ ಬಂದ ಆ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಅದನ್ನು ಒಪ್ಪದೆ ಲಂಡನ್ನಿನ ಭಾರತಮಂತ್ರಿಯವರೆಗೆ ಒಯ್ದಿತು. ಕೊನೆಗೆ ೧೯೨೪ರ ಒಡಂಬಡಿಕೆಯವರೆಗೂ ವಿಷಯ ಎಳೆಯಿತು. ಮಧ್ಯಸ್ಥನು ನಿರ್ಲಿಪ್ತನಾದ ಮಾತ್ರಕ್ಕೆ ಸೋತವನು ಒಪ್ಪಿಯೇ ಒಪ್ಪುವನೆಂದು ಹೇಳುವಂತಿಲ್ಲ. ಒಪ್ಪದಿರಲು ಅವನಿಗೆ ಒಂದು ನೆವ ಕಡಮೆಯಾಗುವುದು, ಅಷ್ಟೆ.

ಸಣ್ಣ ಊರಿನ ಸಣ್ಣ ವಿವಾದಕ್ಕೆ ಅಲಹಾಬಾದಿನಿಂದ ಯಾರೂ ಬರಲಾರರು. ಅಲ್ಲಿ ಹಿರಿಯನು ಮಾಡಬಹುದಾದುದು ಇಷ್ಟು. ಮೂರ್ತಿಯನ್ನು ನೋಡುವುದಕ್ಕೆ ಮೊದಲೇ, ಅಭಿಪ್ರಾಯವು ಮೂಡುವುದಕ್ಕೆ ಮೊದಲೇ, ಹಳ್ಳಿಯವರನ್ನು ಕೂರಿಸಿಕೊಂಡು, “ಇವನು ನನ್ನ ತಂಗಿಯ ಮಗ, ನನ್ನ ಕೈಕೆಳಗೆ ಉಳಿ ಹಿಡಿದವನು. ಗೊತ್ತಿರಲಿ” ಎಂದು ಹೇಳುವುದು. ಹೇಳುವ ಹೊತ್ತು ಮುಖ್ಯ. ತೀರ್ಪಾದ ಮೇಲೆ ಹೊರಬಿದ್ದ ನಂಟು ಗುಟ್ಟೆನಿಸಿಕೊಳ್ಳುವುದು, ಮೊದಲೇ ಹೇಳಿದ್ದು ಬರಿಯ ಸಂಗತಿ. ಅವರು ಬೇಡವೆಂದರೆ ಬೇಸರಪಡದೆ ಬೇರೆ ಊರಿನವರನ್ನು ಸೂಚಿಸುವುದು. ಬೇಕೆಂದರೆ, ಅಳೆಯುವುದನ್ನೆಲ್ಲ ಅವರೆದುರಿಗೇ ಅಳೆದು, ಗಂಧವನ್ನು ಅವರ ಕೈಯಿಂದಲೇ ಬಳಿಸಿ, ಅಳತೆಗೆ ಸಿಕ್ಕದ ಮಾತಿಗೆ ಬಂದಾಗ ಕಾರಣವನ್ನು ಬಿಡಿಸಿ ಹೇಳುವುದು. ಇದರಿಂದ ಹಿರಿಯನಿಗೆ ನಷ್ಟವಿಲ್ಲದಿಲ್ಲ. ಹಳ್ಳಿಯವರು ಬೇರೆಯವರ ಬಳಿಗೆ ಹೋದರೆ ಆ ಬೇರೆಯವನ ಕಣ್ಣು ಈತನ ಕಣ್ಣಿನಷ್ಟು ಹರಿತವಿಲ್ಲದಿರಬಹುದು. ನಿರ್ದೋಷವಾದ ಮೂರ್ತಿ ಸುಮ್ಮನೆ ತಿರಸ್ಕೃತವಾಗಬಹುದು. ಸೋದರಳಿಯನು, ಮಾವನಿದ್ದೂ ಒಂದು ಮಾತು ಆಡಲಿಲ್ಲವೆಂದು ವರ್ಷಗಟ್ಟಲೆ ಮನೆಗೆ ಬಾರದಿರಬಹುದು. ತಂಗಿಯು ಹಬ್ಬಕ್ಕೆ ಬಂದಾಗ ಆ ಮಾತನ್ನು ಎತ್ತುವಳು. ಮೂರ್ತಿಗೆ ಕಣ್ಣು ತೆರೆಸುವ ಮುನ್ನವೇ ಇವೆಲ್ಲ ಮುಗಿದಿರಬೇಕು. ನೇತ್ರೋನ್ಮೀಲನವಾದ ಮೇಲೆ ಅದರ ಗುಣದೋಷಗಳನ್ನು ಆಡುವವರಿಲ್ಲ.